ಹುಲಕೋಟಿಯ ಟ್ರಂಕಿನಲ್ಲಿ ಸಿಕ್ಕ ಮುಖಗಳು

“ದೊಡ್ಡ ವಾಡೇದ ಅಟ್ಟ ಇಳಸಾಕತ್ತಾರ. ಹಳೇ ಫೋಟೋದ ಟ್ರಂಕ ಒಂದ ಸಿಕ್ಕೈತಿ. ನೋಡೂದಿದ್ರ ಲಗೂ ಬಾ ತಂಗಿ, ಇಲ್ಲಂದ್ರ ಗುಜರಿಯಂವ ಒಯ್ತಾನ” ಎಂದು ಹುಲಕೋಟಿಯಿಂದ ಅಣ್ಣನ ಫೋನು ಬಂದಾಗ ನಾನು ಒಲೆಯ ಮುಂದೆ ಶೇಂಗಾ ಹುರಿಯುತ್ತಿದ್ದೆ. ಹುರಿಯುವುದನ್ನು ಅಲ್ಲಿಗೇ ಬಿಟ್ಟು, ಮನೆಯವರಿಗೆ ಎರಡು ದಿನದ ಅಡಿಗೆಯ ವ್ಯವಸ್ಥೆ ಹೇಳಿ, ಮರುದಿನ ಬೆಳಗಿನ ಗಾಡಿಗೆ ಹೊರಟೇಬಿಟ್ಟೆ. ಹಳೆಯ ಫೋಟೋ ನೋಡಲು ಇಷ್ಟೊಂದು ಅವಸರವೇ ಎಂದು ನೀವು ನಗಬಹುದು. ನಮ್ಮ ಮನೆಯವರೂ ನಕ್ಕರು. ಆದರೆ ನನ್ನ ಅವ್ವನ ತವರೂರು ಹುಲಕೋಟಿ. ಅವ್ವ ಈಗಿಲ್ಲ. ಅವಳ ಅಕ್ಕ, ನನ್ನ ದೊಡ್ಡವ್ವ, ತೊಂಬತ್ತರ ಹತ್ತಿರ ಬಂದಿದ್ದಾಳೆ. ಒಂದು ಕಣ್ಣು ಪೂರ್ತಿ ಹೋಗಿದೆ, ಇನ್ನೊಂದು ಮಂಜು. ಆ ಟ್ರಂಕಿನಲ್ಲಿರುವ ಮುಖಗಳಿಗೆ ಹೆಸರು ಹೇಳಬಲ್ಲವರು ಊರಲ್ಲಿ ಇನ್ನು ಅವಳೊಬ್ಬಳೇ. ಅವಸರ ಫೋಟೋದ್ದಲ್ಲ, ಆ ಕಣ್ಣಿನದು.

ಎರಿ ನೆಲದ ದಾರಿ

ಹುಬ್ಬಳ್ಳಿಯಿಂದ ಗದಗಿನ ಕಡೆಗೆ ಹೋಗುವ ರೈಲು ಹತ್ತಿ ಕಿಟಕಿಯ ಪಕ್ಕ ಕುಳಿತರೆ ಬೇರೆ ಓದಲು ಪುಸ್ತಕ ಬೇಕಿಲ್ಲ. ಕಣ್ಣು ಹಾಯುವಷ್ಟು ದೂರ ಎರಿ ಭೂಮಿ. ಒಂದು ಗಿಡ ಅಡ್ಡ ಬರುವುದಿಲ್ಲ, ಒಂದು ಗುಡ್ಡ ಅಡ್ಡ ಬರುವುದಿಲ್ಲ. ಮುಂಗಾರಿಗೆ ಹೆಸರು, ಹಿಂಗಾರಿಗೆ ಜೋಳ, ಕಡಲೆ, ಕುಸುಬಿ, ಇವುಗಳ ನಡುವೆ ಹತ್ತಿ. ಆದಿಕವಿ ಪಂಪನ ಊರಾದ ಅಣ್ಣಿಗೇರಿ ದಾಟಿ ಸ್ವಲ್ಪ ಹೊತ್ತಿಗೆ ಹುಲಕೋಟಿ ಬರುತ್ತದೆ. ಗದಗ ಅಲ್ಲಿಂದ ಹತ್ತು ಕಿಲೋಮೀಟರಿನ ಆಸುಪಾಸು. ಸದರ್ನ್ ಮರಾಠಾ ರೈಲ್ವೆ ಕಂಪನಿಯವರು 1880ರ ದಶಕದಲ್ಲಿ ಈ ದಾರಿ ಹಾಕಿದಾಗ ಮೀಟರ್ ಗೇಜಿನ ಸಣ್ಣ ಹಳಿ. ನಾವು ಚಿಕ್ಕವರಿದ್ದಾಗಲೂ ಅದೇ ಇತ್ತು. 1990ರ ದಶಕದಲ್ಲಿ ಅದು ಬ್ರಾಡ್ ಗೇಜ್ ಆಯಿತು. ಹಳಿ ಅಗಲವಾದರೂ ಹುಲಕೋಟಿಯ ಸ್ಟೇಶನ್ನಿನಲ್ಲಿ ಇಳಿದ ಕೂಡಲೆ ಮೂಗಿಗೆ ಬರುವ ಬಿಸಿಮಣ್ಣಿನ ವಾಸನೆ ಅದೇ.

ಈ ರೈಲು ಬಂದದ್ದು ಜನರಿಗಾಗಿ ಎನ್ನುವುದಕ್ಕಿಂತ ಹತ್ತಿಗಾಗಿ ಎಂದರೆ ತಪ್ಪಾಗಲಾರದು. 1861ರಿಂದ 1865ರವರೆಗೆ ಅಮೆರಿಕದಲ್ಲಿ ಒಳಯುದ್ಧ ನಡೆದಾಗ ಇಂಗ್ಲೆಂಡಿನ ಗಿರಣಿಗಳಿಗೆ ಅಲ್ಲಿಯ ಹತ್ತಿ ನಿಂತುಹೋಯಿತು. ಆಗ ಧಾರವಾಡ ಜಿಲ್ಲೆಯ ಹತ್ತಿಗೆ ಎಲ್ಲಿಲ್ಲದ ಬೆಲೆ ಬಂತು. ಗದಗು ದೊಡ್ಡ ಹತ್ತಿ ಪೇಟೆಯಾಗಿ ಬೆಳೆಯಿತು. ಯುದ್ಧ ನಿಂತ ಮೇಲೆ ಬೆಲೆ ಇಳಿಯಿತು, ಆದರೆ ಬಿತ್ತುವವರ ಕೈ ನಿಲ್ಲಲಿಲ್ಲ. ಹತ್ತಿ ಬೆಳೆದವನಿಗೆ ಕಡಿಮೆ, ನೂಲು ತೆಗೆದವನಿಗೆ ಹೆಚ್ಚು ಎಂಬ ಲೆಕ್ಕ ಬಹಳ ವರ್ಷ ನಡೆಯಿತು. ಆಮೇಲೆ ಇದೇ ಹುಲಕೋಟಿಯಲ್ಲಿ ರೈತರು ಸೇರಿ ಸಹಕಾರಿ ನೂಲಿನ ಗಿರಣಿ ಕಟ್ಟಿದರು. ಆ ಕೆಲಸದ ಮುಂದಾಳು ಈ ಊರಿನವರೇ ಆದ ಕೆ.ಎಚ್. ಪಾಟೀಲರು (1925-1992). ಜನ ಅವರನ್ನು ‘ಹುಲಕೋಟಿಯ ಹುಲಿ’ ಎಂದೇ ಕರೆಯುತ್ತಿದ್ದರು. ಊರಿನ ಕೃಷಿ ವಿಜ್ಞಾನ ಕೇಂದ್ರಕ್ಕೆ ಅವರದೇ ಹೆಸರಿದೆ. ಇಂಜಿನಿಯರಿಂಗ್ ಕಾಲೇಜೂ ಇದೆ. ಹಳ್ಳಿ ಎಂದು ಹೋದವರಿಗೆ ಇದು ಹಳ್ಳಿಯೋ ಪೇಟೆಯೋ ಎಂದು ಗೊಂದಲವಾಗುವಂಥ ಊರು.

ಸಹಕಾರದ ಬೀಜ ಈ ಮಣ್ಣಿನಲ್ಲಿ ಇನ್ನೂ ಹಿಂದಿನದು. ಗದಗ ತಾಲೂಕಿನ ಕಣಗಿನಹಾಳದಲ್ಲಿ 1905ರಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಕಟ್ಟಿದ ಕೃಷಿ ಸಹಕಾರ ಪತ್ತಿನ ಸಂಘವೇ ದೇಶದಲ್ಲಿ ಮೊದಲನೆಯದೆಂದು ಹೆಸರಾದದ್ದು. ಹಿಂದಿನ ವರ್ಷ, ಅಂದರೆ 1904ರಲ್ಲಿ, ಸಹಕಾರ ಕಾಯಿದೆ ಬಂದಿತ್ತು. ಕಾಯಿದೆ ಬಂದ ಮರುವರ್ಷವೇ ಒಂದು ಹಳ್ಳಿಯ ರೈತರು ಸಂಘ ಕಟ್ಟಿಬಿಟ್ಟರು!

ವಾಡೇದ ಟ್ರಂಕು

ಮನೆಗೆ ಮುಟ್ಟಿದಾಗ ದೊಡ್ಡವ್ವ ಪಡಸಾಲೆಯ ಕಂಬಕ್ಕೆ ಆತು ಕುಳಿತಿದ್ದಳು. ಕಾಲು ಮುಟ್ಟಿದೆ. ನನ್ನ ಮುಖವನ್ನು ಎರಡೂ ಕೈಯಿಂದ ಸವರಿ, “ಸೊರಗಿಯಲ್ಲವಾ. ಅನ್ನ ಉಣ್ಣಾಕ ಹತ್ತೀಯೇನ ರೊಟ್ಟಿ ಬಿಟ್ಟು?” ಎಂದಳು. ಕಣ್ಣು ಕಾಣದಿದ್ದರೂ ಕೈಗೆ ಎಲ್ಲ ಕಾಣುತ್ತದೆ! ವೈನಿ ಬಿಸಿ ಜೋಳದ ರೊಟ್ಟಿ, ಹೆಸರುಕಾಳಿನ ಪಲ್ಯ, ಶೇಂಗಾ ಚಟ್ನಿ, ಗಟ್ಟಿ ಮೊಸರು ಇಟ್ಟರು. ಊಟ ಮುಗಿಯುವವರೆಗೂ ನನ್ನ ಲಕ್ಷ್ಯವೆಲ್ಲ ಮೂಲೆಯಲ್ಲಿದ್ದ ಕಬ್ಬಿಣದ ಟ್ರಂಕಿನ ಮೇಲೆಯೇ.

ಅದು ನಮ್ಮ ಮನೆಯ ಟ್ರಂಕಲ್ಲ. ನಾಲ್ಕು ಮನೆ ಆಚೆಗಿರುವ ದೊಡ್ಡ ವಾಡೇದವರದು. ಅವರ ಮಕ್ಕಳು ಮೊಮ್ಮಕ್ಕಳು ಊರು ಬಿಟ್ಟು ಎಷ್ಟೋ ವರ್ಷಗಳಾದವು. ಈಗ ತೊಲೆ, ಕಂಬ, ಬಾಗಿಲ ಚೌಕಟ್ಟು ಮಾರಿ ಜಾಗ ಖಾಲಿ ಮಾಡುತ್ತಿದ್ದಾರೆ. ಸಾಗವಾನಿ ತೊಲೆಗೆ ಬೆಲೆ ಇದೆ, ಫೋಟೋಕ್ಕೆ ಇಲ್ಲ. ಅಣ್ಣ ಅವರನ್ನು ಕೇಳಿ ತಂದಿಟ್ಟುಕೊಂಡಿದ್ದ.

ಮುಚ್ಚಳ ತೆರೆದಾಗ ಮೊದಲು ಬಂದದ್ದು ಇಲಿ ಹಿಕ್ಕೆಯ ವಾಸನೆ. ಮೇಲೆ ಎರಡು ಪದರು ಗೆದ್ದಲು ತಿಂದ ಹುಡಿ. ಕೆಳಗೆ ಅರಿವೆಯಲ್ಲಿ ಸುತ್ತಿದ ಫೋಟೋಗಳು, ಇನ್ನೂರಕ್ಕೆ ಕಡಿಮೆ ಇರಲಿಲ್ಲ. ದಪ್ಪ ರಟ್ಟಿಗೆ ಅಂಟಿಸಿದ ಕಂದು ಬಣ್ಣದವು ಎಲ್ಲಕ್ಕೂ ಹಳೆಯವು. ಆಮೇಲೆ ಕಪ್ಪು ಬಿಳುಪಿನ ಚಿಕ್ಕ ಚೌಕದವು. ‘ಆಗ್ಫಾ ಕ್ಲಿಕ್’ ಎಂಬ ಡಬ್ಬಿ ಕ್ಯಾಮರಾ ನಿಮ್ಮಲ್ಲಿ ಹಿರಿಯರಿಗೆ ನೆನಪಿರಬಹುದು. ಒಂದು ರೀಲಿಗೆ ಹನ್ನೆರಡೇ ಚಿತ್ರ, ಒಂದನ್ನು ಕೆಡಿಸಿದರೆ ಮನೆಯಲ್ಲಿ ಬೈಗುಳ! ಊಟಿಯ ಹಿಂದೂಸ್ತಾನ್ ಫೋಟೋ ಫಿಲ್ಮ್ಸಿನ ‘ಇಂದು’ ಫಿಲ್ಮು ಬಂದದ್ದೂ ಆ ಕಾಲದಲ್ಲೇ. ಎಲ್ಲಕ್ಕೂ ಮೇಲಿದ್ದ ಬಣ್ಣದ ಚಿತ್ರಗಳು 1980ರ ಈಚಿನವು. ತಮಾಷೆಯೆಂದರೆ ಎಲ್ಲಕ್ಕೂ ಹೊಸವಾದ ಇವೇ ಹೆಚ್ಚು ಕೆಟ್ಟಿದ್ದವು. ಮದುಮಗಳ ಹಸಿರು ಸೀರೆ ಕೆಂಪಾಗಿ, ಹಣೆಯ ವಿಭೂತಿ ಗುಲಾಬಿಯಾಗಿ ಹೋಗಿತ್ತು. ಎಂಬತ್ತು ವರ್ಷದ ಕಂದು ಚಿತ್ರದಲ್ಲಿ ಎತ್ತಿನ ಕೊರಳ ಗೆಜ್ಜೆಯನ್ನು ಎಣಿಸಬಹುದಿತ್ತು.

ಒಂದರಲ್ಲಿ ಹತ್ತಿ ಅಂಡಿಗೆ ಹೇರಿದ ಚಕ್ಕಡಿಗಳ ಸಾಲು. ಮುಂದಿನ ಚಕ್ಕಡಿಯ ನೊಗದ ಮೇಲೆ ಒಬ್ಬ ಪಟಗ ಸುತ್ತಿದ ಗೌಡ ಕೈಯಿಟ್ಟು ನಿಂತಿದ್ದಾನೆ. ಹೊಲದಲ್ಲಿ ಬಾಗಿ ಆ ಹತ್ತಿ ಬಿಡಿಸಿದ ಹೆಂಗಸರು ಚಿತ್ರದಲ್ಲಿಲ್ಲ. ಇನ್ನೊಂದರಲ್ಲಿ ಶಾಲೆಯ ಮಕ್ಕಳು, ಮಾಸ್ತರರು ಕೈಯಲ್ಲಿ ಬೆತ್ತ ಹಿಡಿದೇ ಕುಳಿತಿದ್ದಾರೆ. ಮತ್ತೊಂದರಲ್ಲಿ ಯಾವುದೋ ಸಂಘದ ಸಭೆ, ಮಾಲೆ ಹಾಕಿಸಿಕೊಂಡವರ ಸಾಲು, ಹಿಂದೆ ಗಾಂಧೀಜಿಯ ಪಟ.

ಮದುವೆಯ ಚಿತ್ರವೊಂದನ್ನು ನೋಡುತ್ತ ಅಣ್ಣ ಹೇಳಿದ ಮಾತು ನನಗೆ ಹೊಸದು. “ಇವರು ಲಕ್ಷ್ಮೇಶ್ವರದ ಬೀಗರು, ಇವರು ಶಿರಹಟ್ಟಿಯವರು. ಆವಾಗ ಇವರೆಲ್ಲಾ ಬ್ಯಾರೆ ಬ್ಯಾರೆ ಸರಕಾರದವರು, ಗೊತ್ತೈತೇನ?” ನಿಜ. ಹುಲಕೋಟಿ, ಗದಗು ಇಂಗ್ಲಿಷರ ಮುಂಬಯಿ ಪ್ರಾಂತದಲ್ಲಿದ್ದವು. ಶಿರಹಟ್ಟಿ ಸಾಂಗಲಿ ಸಂಸ್ಥಾನಕ್ಕೆ ಸೇರಿತ್ತು. ಲಕ್ಷ್ಮೇಶ್ವರ ಮಿರಜ ಸಂಸ್ಥಾನಕ್ಕೆ. ಮುಂಡರಗಿಯಾಚೆ ಕೊಪ್ಪಳದ ಕಡೆಗೆ ಹೋದರೆ ನಿಜಾಮರ ರಾಜ್ಯ. 1948ರಲ್ಲಿ ಸಂಸ್ಥಾನಗಳು ಕರಗಿದವು, 1956ರಲ್ಲಿ ಕನ್ನಡ ನಾಡು ಒಂದಾಯಿತು. 1997ರಲ್ಲಿ ಗದಗ ಜಿಲ್ಲೆಯಾದ ಮೇಲೆ ಈ ಬೀಗರೆಲ್ಲ ಒಂದೇ ಜಿಲ್ಲೆಯವರಾದರು. ಏಕೀಕರಣದ ದೊಡ್ಡ ಮಾತು ಬರುವ ಎಷ್ಟೋ ಮೊದಲೇ ನಮ್ಮ ಹೆಣ್ಣುಮಕ್ಕಳು ಸೇರು ಒದ್ದು ಒಳಗೆ ಬಂದು ಈ ಗಡಿಗಳನ್ನು ದಾಟಿದ್ದರು!

ಸೀರೆ ಉಟ್ಟವನ ಹೆಸರು

ನಗು ಬಂದದ್ದು ನಾಟಕದ ಫೋಟೋ ಸಿಕ್ಕಾಗ. ಗದಗಿನ ಸುತ್ತ ನಾಟಕದ ಹುಚ್ಚು ಎಂಥದೆಂದು ಬೇರೆ ಹೇಳಬೇಕಾಗಿಲ್ಲ. ಗರುಡ ಸದಾಶಿವರಾಯರ ದತ್ತಾತ್ರೇಯ ನಾಟಕ ಮಂಡಳಿಯ ಊರದು. ವೀರೇಶ್ವರ ಪುಣ್ಯಾಶ್ರಮದ ಪಂಚಾಕ್ಷರಿ ಗವಾಯಿಗಳು ಮತ್ತು ಪುಟ್ಟರಾಜ ಗವಾಯಿಗಳು ಕುರುಡು ಮಕ್ಕಳಿಗೆ ಸಂಗೀತ ಕಲಿಸಿ ನಾಡಿಗೆ ಗಾಯಕರನ್ನು ಕೊಟ್ಟ ಊರದು. ಪೇಟೆಯ ಕಂಪನಿಗಳನ್ನು ನೋಡಿ ಬಂದ ಹಳ್ಳಿಯ ಹುಡುಗರು ಸುಗ್ಗಿ ಮುಗಿದ ಮೇಲೆ ತಾವೇ ಬಣ್ಣ ಹಚ್ಚುತ್ತಿದ್ದರು.

ಫೋಟೋದ ನಡುವೆ ಇಲಕಲ್ ಸೀರೆ ಉಟ್ಟು, ನತ್ತು ಹಾಕಿ, ತಲೆ ತುಂಬ ಹೂ ಮುಡಿದು ಕುಳಿತ ಒಬ್ಬ ಚೆಲುವೆ. ನಾನು ಬಣ್ಣಿಸಿ ಹೇಳಿ, “ಇಕಿ ಯಾರಬೇ ದೊಡ್ಡವ್ವಾ, ಭಾಳ ಚಂದ ಅದಾಳ?” ಎಂದೆ.

ದೊಡ್ಡವ್ವ ಬೊಚ್ಚುಬಾಯಿ ತೆರೆದು ನಕ್ಕಳು. “ಇಕಿ ಅಲ್ಲ ತಂಗಿ, ಇಂವ! ಬಡಿಗ್ಯಾರ ಹುಡುಗ. ಆ ಸೀರಿ ನಮ್ಮ ಅತ್ತೀದು. ನಾಟಕಾ ಮುಗದ ಮ್ಯಾಲ ತಿರಗಿ ಕೊಡೂದ್ರಾಗ ಸೆರಗಿಗೆ ಬಣ್ಣಾ ಹತ್ತಿಸಿದ್ದಾ. ವರ್ಷಗಟ್ಟಲೆ ಬೈತಿದ್ಲು.”

ಫೋಟೋ ತಿರುಗಿಸಿ ನೋಡಿದೆ. ಹಿಂದೆ ನೀಲಿ ಮಸಿಯಲ್ಲಿ ಎಲ್ಲ ನಟರ ಹೆಸರು, ಯಾರು ಯಾವ ಪಾತ್ರ ಎಂದು ಚಂದವಾಗಿ ಬರೆದಿತ್ತು. ಸೀರೆ ಉಟ್ಟ ಆ ಹುಡುಗನ ಹೆಸರೂ ಇತ್ತು. ಆಮೇಲೆ ಉಳಿದ ಫೋಟೋಗಳನ್ನೂ ಒಂದೊಂದಾಗಿ ತಿರುಗಿಸಿದೆ. ಗಂಡಸರ ಹೆಸರುಗಳು ಮನೆತನ ಸಹಿತ ಇದ್ದವು. ಒಂದೆರಡರಲ್ಲಿ ಕುದುರೆಯ ಹೆಸರು, ಎತ್ತಿನ ಹೆಸರೂ ಇದ್ದವು. ಹೆಂಗಸರು ಇದ್ದ ಕಡೆ ‘ಗೌಡರ ಮನೆಯವರು’, ‘ಹಿರೇ ಸೊಸಿ’, ‘ಹೆಣ್ಣುಮಕ್ಕಳು’ ಎಂದಷ್ಟೇ. ಸೀರೆ ಉಟ್ಟ ಗಂಡಸಿಗೆ ಹೆಸರಿದೆ, ಸೀರೆ ಉಟ್ಟ ಹೆಂಗಸಿಗೆ ಇಲ್ಲ! ವೈನಿಗೆ ತೋರಿಸಿದೆ. ಅವರು, “ನಮ್ಮ ಕಲ್ಯಾಣದ ಫೋಟೋದ್ದೂ ಹಿಂಗ ಇರಬೇಕು ನೋಡ್ರಿ” ಎಂದು ಒಳಗೆ ಹೋಗಿ ತಮ್ಮ ಆಲ್ಬಮ್ ತಂದರು. ಅದರ ಹಿಂದೆ ಏನೂ ಬರೆದಿರಲಿಲ್ಲ.

ಟ್ರಂಕಿನ ತಳದಲ್ಲಿ ಒಂದು ಮೊಳ ಉದ್ದದ, ಊರಿನ ಜನರೆಲ್ಲ ಕುಳಿತ ದೊಡ್ಡ ಗುಂಪಿನ ಫೋಟೋ ಇತ್ತು. ಸಂಜೆಯಾಗಿತ್ತು. “ಇದನ್ನ ನಾಳೆ ಬಿಸಲಿಗೆ ಹಿಡದು ನೋಡೂಣು. ನನಗ ದೀಪದ ಬೆಳಕು ಸಾಲಾಂಗಿಲ್ಲ” ಎಂದಳು ದೊಡ್ಡವ್ವ.

ಗದಗಿನಲ್ಲಿ ಒಂದು ಭೂತಕನ್ನಡಿ

ಬೆಳಿಗ್ಗೆ ಬಿಸಿಲಿಗೆ ಹಿಡಿದರೂ ದೊಡ್ಡವ್ವನಿಗೆ ಮುಖಗಳು ಕಾಣಲಿಲ್ಲ. ಹೀಗಾಗಿ ದೊಡ್ಡ ಭೂತಕನ್ನಡಿ ತರಲು ಅಣ್ಣನೂ ನಾನೂ ಬಿಂಕದಕಟ್ಟಿಯ ಮೇಲೆ ಹಾದು ಗದಗಿಗೆ ಹೋದೆವು. ಹೋದವರು ವೀರನಾರಾಯಣನ ದರ್ಶನ ಮಾಡದೆ ಬರುವುದುಂಟೆ? ಕುಮಾರವ್ಯಾಸ ಭಾರತ ಬರೆದನೆಂದು ಹೇಳುವ ಕಂಬದ ಮುಂದೆ ನಿಂತು ಕೈಮುಗಿದೆವು. ಆಮೇಲೆ ತ್ರಿಕೂಟೇಶ್ವರ.

ಕಂಬಗಳ ನಡುವೆ ನಿಂತಾಗ ನನಗೆ ಒಂದು ಮಾತು ನೆನಪಾಯಿತು. ನಮ್ಮ ಕಡೆಯ ಅತಿ ಹಳೆಯ ಫೋಟೋಗಳೆಂದರೆ ಗುಡಿಗಳವು. 1855ರ ಸುಮಾರಿಗೆ ಮುಂಬಯಿ ಸರಕಾರ ಬಿಗ್ಸ್ ಎಂಬ ಸೇನಾಧಿಕಾರಿಯನ್ನೂ, ಅವನ ಬಳಿಕ ಪಿಗೌ ಎಂಬ ಡಾಕ್ಟರನನ್ನೂ ಕ್ಯಾಮರಾ ಕೊಟ್ಟು ಈ ಕಡೆ ಕಳಿಸಿತ್ತು. ಅವರೂ ನೀಲ್ ಎಂಬ ಇನ್ನೊಬ್ಬ ಅಧಿಕಾರಿಯೂ ತೆಗೆದ ಚಿತ್ರಗಳನ್ನು ಸೇರಿಸಿ 1866ರಲ್ಲಿ ಲಂಡನ್ನಿನಲ್ಲಿ ‘ಧಾರವಾಡ ಮತ್ತು ಮೈಸೂರಿನ ವಾಸ್ತುಶಿಲ್ಪ’ ಎಂಬ ದೊಡ್ಡ ಪುಸ್ತಕವನ್ನು ಇಂಗ್ಲಿಷಿನಲ್ಲಿ ಅಚ್ಚು ಮಾಡಿದರು. ಗದಗು, ಲಕ್ಕುಂಡಿ, ಡಂಬಳದ ಗುಡಿಗಳನ್ನು ದೂರದೇಶದವರು ಕಂಡದ್ದು ಹಾಗೆ. ಆಗಿನ ಕ್ಯಾಮರಾಕ್ಕೆ ನಿಮಿಷಗಟ್ಟಲೆ ಬೆಳಕು ಬೇಕಾಗುತ್ತಿತ್ತು. ಕಲ್ಲು ಅಲುಗುವುದಿಲ್ಲ, ಮನುಷ್ಯ ಅಲುಗುತ್ತಾನೆ. ಹೀಗಾಗಿ ಕಲ್ಲು ಸ್ಪಷ್ಟ, ಮನುಷ್ಯ ಮಸುಕು. ಕಂಬದ ಎತ್ತರ ತಿಳಿಯಲೆಂದು ಯಾರನ್ನಾದರೂ ನಿಲ್ಲಿಸುವ ರೂಢಿಯೂ ಇತ್ತು. ಅಳತೆಗೋಲಿನ ಬದಲು ನಿಂತ ಅಂಥವರ ಹೆಸರು ಕೇಳಿದವರು ಯಾರು?

ಜನರ ಬದುಕನ್ನು ನೋಡಿದ ಕ್ಯಾಮರಾ ಬಂದದ್ದು ಬೆಟಗೇರಿಗೆ. ಬಾಸೆಲ್ ಮಿಶನ್ನಿನವರು 1841ರಲ್ಲಿ ನೇಕಾರರ ಊರಾದ ಬೆಟಗೇರಿಯಲ್ಲಿ ನೆಲೆಯೂರಿದರು. ಅವರ ಆಸ್ಪತ್ರೆಯನ್ನು ಜನ ‘ಜರ್ಮನ್ ಆಸ್ಪತ್ರೆ’ ಎಂದು ಕರೆಯುತ್ತ ಬಂದಿದ್ದಾರೆ. ಸುತ್ತಲಿನ ಎಷ್ಟೋ ತಾಯಂದಿರ ಬಾಣಂತನ ಅಲ್ಲಿ ಆದದ್ದು. ಮಿಶನ್ನಿನವರು ತಮ್ಮ ಊರಿನವರಿಗೆ ತೋರಿಸಲೆಂದು ಫೋಟೋಗಳನ್ನು ತೆಗೆದು ಕಳಿಸುತ್ತಿದ್ದರು. ಸ್ವಿಟ್ಜರ್ಲೆಂಡಿನ ಬಾಸೆಲ್ ನಗರದಲ್ಲಿ ಅವರ ಸಂಗ್ರಹ ಭದ್ರವಾಗಿದೆ. ಬೆಟಗೇರಿಯ ಚಿತ್ರಗಳೂ ಅದರಲ್ಲಿವೆ. ಈಗ ಅಂತರ್ಜಾಲದಲ್ಲಿ ಯಾರು ಬೇಕಾದರೂ ನೋಡಬಹುದು. ಬೆಟಗೇರಿಯ ಫೋಟೋ ಸಾವಿರಾರು ಮೈಲಿ ಆಚೆ ಜೋಪಾನವಾಗಿದೆ, ಹುಲಕೋಟಿಯ ಫೋಟೋ ನಾಲ್ಕು ಮನೆ ಆಚೆ ಇಲಿಯ ಬಾಯಲ್ಲಿತ್ತು. ಯಾರನ್ನು ದೂರುವುದು? ನಮ್ಮ ಮನೆಯ ಅಟ್ಟವನ್ನೇ ನಾವು ಎಷ್ಟು ವರ್ಷಕ್ಕೊಮ್ಮೆ ನೋಡುತ್ತೇವೆ?

ಪೇಟೆಯಲ್ಲಿ ಕನ್ನಡಿಯನ್ನೂ ಎರಡು ಮೆತ್ತನೆಯ ಪೆನ್ಸಿಲನ್ನೂ ಕೊಂಡು ಮಧ್ಯಾಹ್ನಕ್ಕೆ ಮನೆಗೆ ಬಂದೆವು.

ತಿರುಗಿದ ಮುಖ

ಅಂಗಳದ ಬೇವಿನ ನೆರಳಿನಲ್ಲಿ ಹೊರಸು ಹಾಕಿ, ಫೋಟೋವನ್ನು ದೊಡ್ಡವ್ವನ ತೊಡೆಯ ಮೇಲಿಟ್ಟು, ಕೈಗೆ ಭೂತಕನ್ನಡಿ ಕೊಟ್ಟೆ. ಅವಳು ಅದನ್ನು ಕಣ್ಣಿಗೆ ಹಚ್ಚಿಕೊಂಡಂತೆಯೇ ಹಿಡಿದು, ಇರುವೆ ಹರಿದಂತೆ ನಿಧಾನವಾಗಿ ಸರಿಸತೊಡಗಿದಳು. ಬಹಳ ಹೊತ್ತು ಮಾತಿಲ್ಲ. ಆಮೇಲೆ ಮುಂದಿನ ಸಾಲಿನಲ್ಲಿ ನೆಲದ ಮೇಲೆ ಕುಳಿತ, ಕೈಯಲ್ಲಿ ಏನೋ ಹಿಡಿದ ಒಂದು ಹುಡುಗಿಯ ಮೇಲೆ ಕನ್ನಡಿ ನಿಂತಿತು.

“ಇದು ನಾನು” ಎಂದಳು. “ಆರು ವರ್ಷ ಇದ್ದೀತು. ಕೈಯಾಗ ಇರೂದು ಬೆಲ್ಲ. ಅಳಬಾರದಂತ ಕೊಟ್ಟಿದ್ರು. ಗದಗಿನಿಂದ ಫೋಟೋದಂವ ಬಂದಿದ್ದಾ. ಕರೇ ಅರಿವಿ ತಲೀ ಮ್ಯಾಲ ಹೊಚಗೊಂಡು ಅಲಗಬ್ಯಾಡ್ರಿ ಅಂತ ಒದರತಿದ್ದಾ. ನಮಗ ಅಂಜಿಕಿ.”

ಹಾಗಾದರೆ 1940ರ ಹೊತ್ತಿನ ಚಿತ್ರ. ಎಣಿಸಿದೆವು, ನಲವತ್ತಮೂರು ಜನ. ಕುರ್ಚಿಯ ಮೇಲೆ ಹಿರಿಯರು, ಹಿಂದೆ ನಿಂತ ಗಂಡಸರು. ಎಡಗಡೆಯ ತುದಿಗೆ, ವಾಡೇದ ಬಾಗಿಲ ಹತ್ತಿರ, ಸೆರಗು ಹೊದ್ದ ಹೆಂಗಸರು, ಹದಿನಾಲ್ಕು ಮಂದಿ. ಕನ್ನಡಿ ಅಲ್ಲಿಗೆ ಸರಿಯಿತು. ಒಬ್ಬಳ ಸೊಂಟದಲ್ಲಿ ಎರಡು ವರ್ಷದ ಕೂಸು. ಕೂಸು ಅಳುತ್ತಿರಬೇಕು, ಅವಳು ಅದರ ಕಡೆ ತಿರುಗಿಬಿಟ್ಟಿದ್ದಾಳೆ. ಕ್ಯಾಮರಾದ ಬಾಯಿ ತೆರೆದು ಮುಚ್ಚುವ ಆ ಒಂದು ಗಳಿಗೆಯಲ್ಲಿ ತಿರುಗಿದ್ದರಿಂದ ಮುಖ ಹೊಗೆಯಂತೆ ಕರಗಿದೆ. ಕಿವಿಯ ಬುಗುಡಿ, ತೋಳಿನ ವಂಕಿ, ಕೂಸನ್ನು ಹಿಡಿದ ಕೈ ಮಾತ್ರ ಸ್ಪಷ್ಟ.

“ಇಕಿನ ನೋಡವಾ ನಿಮ್ಮ ಆಯಿ” ಎಂದಳು ದೊಡ್ಡವ್ವ. “ಬಗಲಾಗ ಇರಾಕಿ ನಿಮ್ಮವ್ವ.”

ನಾನು ತಡೆದು ಕೇಳಿದೆ. “ಆಯಿ ಫೋಟೋ ನಮ್ಮ ಮನ್ಯಾಗ ಐತೆಲ್ಲಬೇ? ದೊಡ್ಡದು, ಚೌಕಟ್ಟ ಹಾಕಿದ್ದು?”

ಆ ಪಟ ನನಗೆ ಬುದ್ಧಿ ಬಂದಾಗಿನಿಂದ ಅವ್ವನ ಮನೆಯ ಗೋಡೆಯ ಮೇಲಿತ್ತು. ಅವ್ವ ಹೋದ ಮೇಲೆ ನಾನೇ ತಂದು ನನ್ನ ಮನೆಯಲ್ಲಿ ಹಾಕಿಕೊಂಡಿದ್ದೇನೆ. ಗಂಭೀರವಾದ ಮುಖ, ಅಗಲ ಹಣೆ. ಹಬ್ಬಕ್ಕೊಮ್ಮೆ ಮಾಲೆ ಹಾಕುತ್ತೇವೆ. ಅವ್ವ ದಿನಾ ಸ್ನಾನವಾದ ಮೇಲೆ ಅದರ ಮುಂದೆ ಊದುಬತ್ತಿ ಹಚ್ಚುತ್ತಿದ್ದಳು.

ದೊಡ್ಡವ್ವ ಕನ್ನಡಿಯನ್ನು ಕೆಳಗಿಟ್ಟಳು. “ಅದು ಆಯಿ ಮಾರಿ ಅಲ್ಲ ತಂಗಿ. ಆಯಿ ಸತ್ತಾಗ ನಿಮ್ಮವ್ವಗ ನಾಕು ವರ್ಷ. ಮಾರಿನ ನೆನಪಿರಲಿಲ್ಲ ಅಕಿಗೆ. ಲಗ್ನಾದ ಮ್ಯಾಲ, ಎಲ್ಲಾರ ಮನ್ಯಾಗೂ ತಾಯಿ ಫೋಟೋ ಐತಿ ನನಗ ಇಲ್ಲಂತ ಅಳಾಕಿ. ನಿಮ್ಮಪ್ಪ ಬಂದು ನನ್ನ ಕೇಳಿದಾ. ಎಲ್ಲಿಂದ ತರೂದು? ಆಯಿ ತಂಗಿದೊಂದು ಫೋಟೋ ಇತ್ತು. ಅದನ್ನ ಕೊಟ್ಟು, ಹಣಿ ಇಷ್ಟು ಅಗಲ ಮಾಡು, ಮೂಗು ಇಷ್ಟು ಉದ್ದ ಬರಿ, ಬುಗುಡಿ ಹಾಕು ಅಂತ ನಾನ ಕುಂತು ಬರಿಸೇನಿ. ನಿಮ್ಮವ್ವಗ ಹೇಳಲಿಲ್ಲ. ಅಕಿ ಅದನ್ನ ನೋಡಿ ಅತ್ತದ್ದು ನೋಡಿ, ಹೆಂಗ ಹೇಳ್ಲಿ?”

ಆಗಿನ ಸ್ಟುಡಿಯೋಗಳಲ್ಲಿ ಹಾಗೆ ಬರೆದುಕೊಡುವ ಚಿತ್ರಗಾರರು ಇರುತ್ತಿದ್ದರೆಂದು ನನಗೆ ಗೊತ್ತಿತ್ತು. ಚಿಕ್ಕ ಫೋಟೋ ದೊಡ್ಡದು ಮಾಡಿ, ಕುಂಚದಿಂದ ತಿದ್ದಿ, ಬಣ್ಣ ತುಂಬಿ, ಇಲ್ಲದ ಕೋಟು, ಇಲ್ಲದ ಸರ ಎಲ್ಲ ಹಾಕಿ ಕೊಡುತ್ತಿದ್ದರು. ಸತ್ತವರನ್ನು ಬದುಕಿದವರ ಪಕ್ಕಕ್ಕೆ ಕೂರಿಸುತ್ತಿದ್ದರು. ಆದರೆ ನಮ್ಮ ಮನೆಯ ಗೋಡೆಯ ಮೇಲೇ ಅಂಥದು ಇದೆ ಎಂದು ತಿಳಿದಿರಲಿಲ್ಲ. ಅವ್ವ ಸಾಯುವವರೆಗೂ ಚಿಕ್ಕಮ್ಮನ ಮುಖಕ್ಕೆ ತಾಯಿಯೆಂದು ಕೈಮುಗಿದಳು. ನಿಜವಾದ ತಾಯಿಯ ಒಂದೇ ಒಂದು ಫೋಟೋ ನಾಲ್ಕು ಮನೆಯಾಚೆಯ ಅಟ್ಟದಲ್ಲಿತ್ತು. ಅದರಲ್ಲಿ ಅವಳು ತಿರುಗಿ ನೋಡುತ್ತಿದ್ದದ್ದೂ ಅವ್ವನನ್ನೇ.

ನನಗೆ ದೊಡ್ಡವ್ವನ ಮೇಲೆ ಸಿಟ್ಟು ಬಂತೇ? ಒಂದು ಗಳಿಗೆ ಬಂತು, ಸುಳ್ಳು ಹೇಳಲಾರೆ. ಈ ಫೋಟೋ ಅವ್ವನಿಗೆ ತೋರಿಸಬಹುದಿತ್ತಲ್ಲ ಎಂದು ಕೇಳಿಯೂಬಿಟ್ಟೆ. “ನನಗೆಲ್ಲಿ ಗೊತ್ತಿತ್ತು? ತಗದದ್ದು ನೆನಪಿತ್ತು, ಉಳದದ್ದು ಗೊತ್ತಿರಲಿಲ್ಲ. ದೊಡ್ಡ ವಾಡೇದವರ ಮನ್ಯಾಗಿನ ಫೋಟೋ ನಮಗ್ಯಾರ ತೋರಸ್ತಾರ?” ಎಂದಳು. ಅದೂ ಸರಿ. ಫೋಟೋದಲ್ಲಿ ನಿಂತವರಿಗೆಲ್ಲ ಫೋಟೋ ಸಿಗುತ್ತಿರಲಿಲ್ಲ. ದುಡ್ಡು ಕೊಟ್ಟವರ ಮನೆಗೆ ಮಾತ್ರ.

ಅವತ್ತು ಸಂಜೆಯವರೆಗೆ ಕುಳಿತು ನಲವತ್ತಮೂರರಲ್ಲಿ ಮೂವತ್ತೊಂದು ಜನರ ಹೆಸರು ಬರೆದೆವು. ಹೆಂಗಸರು ಹದಿನಾಲ್ಕರಲ್ಲಿ ಹನ್ನೊಂದು. ಅವರಿಗೆ ತವರಿನ ಹೆಸರೊಂದು, ಗಂಡನ ಮನೆಯಲ್ಲಿ ಇಟ್ಟ ಹೆಸರೊಂದು. ದೊಡ್ಡವ್ವ ಎರಡನ್ನೂ ಹೇಳಿದಳು, ಎರಡನ್ನೂ ಬರೆದೆ. ಒಬ್ಬಳ ಹೆಸರು ನೆನಪಾಗದೆ, “ಹಪ್ಪಳಾ ಭಾಳ ಚೊಲೋ ಮಾಡತಿದ್ಲು, ಹೆಸರೇನವಾ ಅಕೀದು...” ಎಂದು ಹಣೆ ಬಡಿದುಕೊಂಡಳು. ‘ಹಪ್ಪಳ ಚೆನ್ನಾಗಿ ಮಾಡುತ್ತಿದ್ದವರು’ ಎಂದೇ ಬರೆದೆ. ‘ಹಿರೇ ಸೊಸಿ’ ಎನ್ನುವುದಕ್ಕಿಂತ ಅದು ವಾಸಿಯಲ್ಲವೇ?

ನಿಮ್ಮ ಮನೆಯ ಟ್ರಂಕಿಗಾಗಿ

ಸೋದರಿಯರೇ, ನಿಮ್ಮ ಮನೆಯಲ್ಲೂ ಇಂಥ ಟ್ರಂಕೊಂದು ಇದ್ದೇ ಇರುತ್ತದೆ. ನಾನು ತಪ್ಪು ಮಾಡಿ ಕಲಿತದ್ದನ್ನೂ, ಬಲ್ಲವರನ್ನು ಕೇಳಿ ತಿಳಿದದ್ದನ್ನೂ ಇಲ್ಲಿ ಬರೆಯುತ್ತೇನೆ.

* ಮೊದಲು ಹೆಸರು, ಆಮೇಲೆ ಚೌಕಟ್ಟು. ಮನೆಯ ಹಿರಿಯರನ್ನು ಕೂರಿಸಿಕೊಂಡು ಹೆಸರು, ಊರು, ಸಂದರ್ಭ ಕೇಳಿ ಬರೆಯಿರಿ. ಹೆಂಗಸರ ತವರಿನ ಹೆಸರನ್ನೂ ಬರೆಯಿರಿ.
* ಫೋಟೋದ ಹಿಂದೆ ಮೆತ್ತನೆಯ ಪೆನ್ಸಿಲಿನಿಂದ ಅಂಚಿನಲ್ಲಿ ಹಗುರಾಗಿ ಬರೆಯಬೇಕು. ಬಾಲ್ ಪೆನ್ನು ಒತ್ತಿದರೆ ಮುಂದೆ ಗೀರು ಮೂಡುತ್ತದೆ, ಮಸಿಯೂ ಹರಡುತ್ತದೆ.
* ಹರಿದ ಫೋಟೋಕ್ಕೆ ಸೆಲ್ಲೋ ಟೇಪು ಹಚ್ಚಬೇಡಿ. ಕೆಲ ವರ್ಷಕ್ಕೆ ಅಂಟು ಹಳದಿಯಾಗಿ ಕಾಗದವನ್ನು ತಿನ್ನುತ್ತದೆ. ತುಂಡುಗಳನ್ನು ಒಂದೇ ಲಕೋಟೆಯಲ್ಲಿ ಜೋಪಾನವಾಗಿಡಿ.
* ಅಂಟಿನ ಹಾಳೆಯ ಮೇಲೆ ಪ್ಲಾಸ್ಟಿಕ್ ಮುಚ್ಚುವ ಆಲ್ಬಮ್‌ಗಳು ನೋಡಲು ಚಂದ, ಫೋಟೋಕ್ಕೆ ವೈರಿ. ಮೂಲೆ ಹಚ್ಚಿ ಕೂರಿಸುವ ಹಳೆಯ ದಪ್ಪ ಹಾಳೆಯ ಆಲ್ಬಮ್ಮೇ ಮೇಲು.
* ಚೌಕಟ್ಟಿನ ಗಾಜಿಗೆ ಅಂಟಿಕೊಂಡ ಫೋಟೋವನ್ನು ಎಳೆದು ಕೀಳಬೇಡಿ. ಗಾಜಿನ ಸಹಿತವೇ ನಕಲು ತೆಗೆಸಿ.
* ಒದ್ದೆ ಗೋಡೆ, ಅಡಿಗೆಮನೆಯ ಹೊಗೆ, ನೇರ ಬಿಸಿಲು, ಅಟ್ಟದ ಕಾವು ಇವು ಆಗವು. ಮಲಗುವ ಕೋಣೆಯ ಕಪಾಟು ಒಳ್ಳೆಯದು. ಮಳೆಗಾಲ ಮುಗಿದ ಮೇಲೆ ವರ್ಷಕ್ಕೊಮ್ಮೆ ತೆಗೆದು ನೆರಳಲ್ಲಿ ಗಾಳಿಗೆ ಹರವಿ, ಹುಳ ನೋಡಿ.
* ಮಕ್ಕಳ ಮೊಬೈಲಿನಿಂದ ನಕಲು ತೆಗೆಸುವಾಗ ಫ್ಲ್ಯಾಶ್ ಹಾಕದೆ, ಬಾಗಿಲ ಹತ್ತಿರದ ನೆರಳಿನ ಬೆಳಕಿನಲ್ಲಿ, ಮೊಬೈಲನ್ನು ಫೋಟೋಕ್ಕೆ ಸಮನಾಗಿ ಹಿಡಿಯಲು ಹೇಳಿ. ಹಿಂಬದಿಯ ಬರಹದ್ದೂ ಒಂದು ತೆಗೆಸಿ.
* ನಕಲು ಬಂತೆಂದು ಮೂಲವನ್ನು ಬಿಸಾಡಬೇಡಿ. ದೊಡ್ಡದು ಮಾಡಿಸಲು ಕೊಟ್ಟರೆ ನಿಂತು ಮಾಡಿಸಿಕೊಂಡು ಅಂದೇ ತನ್ನಿ. ನನ್ನ ಮದುವೆಯ ಒಂದೇ ಒಂದು ಒಳ್ಳೆಯ ಫೋಟೋವನ್ನು ಹೀಗೆ ಒಂದು ಅಂಗಡಿಗೆ ಕೊಟ್ಟು ಕಳೆದುಕೊಂಡ ಮೇಲೆ ಬಂದ ಬುದ್ಧಿ ಇದು.

ಮೂರನೆಯ ದಿನ ವೈನಿ ಕಟ್ಟಿಕೊಟ್ಟ ಮಾದಲಿಯ ಡಬ್ಬಿ, ಕೆಂಪು ಖಾರದ ಬಾಟಲಿಗಳ ಜೊತೆ ರೈಲು ಹತ್ತಿದೆ. ಟ್ರಂಕು ಸದ್ಯಕ್ಕೆ ಅ��್ಣನ ಮನೆಯಲ್ಲೇ ಇರಲಿ, ನಕಲುಗಳನ್ನು ಊರ ಗ್ರಂಥಾಲಯದಲ್ಲಿ ಇಟ್ಟರೆ ಎಲ್ಲರೂ ನೋಡಬಹುದು ಎಂದು ಮಾತಾಗಿದೆ. ವಾಡೇದವರೂ ಒಪ್ಪಿದ್ದಾರೆ.

ಮನೆಯಲ್ಲಿ ಆ ಹಳೆಯ ಪಟವನ್ನು ಗೋಡೆಯಿಂದ ಇಳಿಸಬೇಕೇ ಬೇಡವೇ ಎಂದು ಎರಡು ದಿನ ಯೋಚಿಸಿದೆ. ಇಳಿಸಲಿಲ್ಲ. ಅವ್ವ ಅಷ್ಟು ವರ್ಷ ಊದುಬತ್ತಿ ಹಚ್ಚಿದ ಪಟ ಅದು, ಆಯಿಯ ತಂಗಿಯೂ ನಮಗೆ ಪರಕೀಯಳಲ್ಲ. ಹಿಂದೆ ಪೆನ್ಸಿಲಿನಿಂದ ಇದು ಯಾರ ಮುಖ, ಯಾರಿಗಾಗಿ ಬರೆಸಿದ್ದು ಎಂದು ಇದ್ದದ್ದು ಇದ್ದಂತೆ ಬರೆದಿಟ್ಟೆ. ಅದರ ಕೆಳಗೆ ಗುಂಪಿನ ಫೋಟೋದ ನಕಲನ್ನು ಹಾಕಿದೆ. ಮೊಮ್ಮಗಳು ಬಂದು ಬೆರಳಿಟ್ಟು, “ಈ ಅಜ್ಜಿ ಮುಖ ಯಾಕೆ ಕಾಣಿಸ್ತಿಲ್ಲ?” ಎಂದಳು. “ಕೂಸು ಅಳ್ತಾ ಇತ್ತು, ಅದನ್ನ ನೋಡ್ತಾ ಇದ್ಲು” ಎಂದೆ.

ದೊಡ್ಡವ್ವ ಮೊನ್ನೆ ಫೋನು ಮಾಡಿಸಿದ್ದಳು. ಹಪ್ಪಳದವಳ ಹೆಸರು ನೆನಪಾಗಿದೆಯಂತೆ.